ಎಡಕ್ಕೆ ವಾಲಿದ ಹೊಲಿಗೆ

ಕೆಲವು ತಿಂಗಳಿಂದ ಅವನಿಗೆ ಗೋಡೆ ನೋಡಿದರೆ ಗೋಡೆ, ನೆಲ ನೋಡಿದರೆ ನೆಲ ಮಾತ್ರ ಕಾಣುತ್ತಿತ್ತು. ಬೇರೆಯವರಿಗೆ ಇದೊಂದು ಕಾಯಿಲೆ ಅನ್ನಿಸಲಿಕ್ಕಿಲ್ಲ. ಗೋಡೆಯಲ್ಲಿ ಗೋಡೆ ಕಾಣದಿದ್ದರೆ ತಾನೆ ಅವರು ಡಾಕ್ಟರ ಹತ್ತಿರ ಓಡುವುದು. ಆದರೆ ಅವನು ಬಟ್ಟೆಗೆ ಬಣ್ಣ ಒತ್ತುವ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುವವನು. ಮೇಜಿನ ಮೇಲೆ ಚಹಾದ ಲೋಟ ಬಿಟ್ಟುಹೋದ ಉಂಗುರಗಳು, ಸೀಳು ಬಿಟ್ಟ ಕಿಟಕಿಯ ಗಾಜು, ಬಸ್ಸಿನಲ್ಲಿ ಮುಂದಿನ ಸೀಟಿನವಳ ಒದ್ದೆ ಕೂದಲಿನಲ್ಲಿ ಬಾಚಣಿಗೆ ಎಳೆದ ಗೆರೆಗಳು, ಇವನ್ನೇ ನಂಬಿಕೊಂಡು ಅವನು ಇಷ್ಟು ವರ್ಷ ಕಳೆದಿದ್ದ. ಒಮ್ಮೆ ಆಸ್ಪತ್ರೆಯ ಬಾಗಿಲ ಹೊರಗೆ ಜನ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ, ಕೆಲವು ಜೊತೆಯಾಗಿ, ಕೆಲವು ಮುನಿಸಿಕೊಂಡ ಹಾಗೆ ಬೆನ್ನು ಹಾಕಿಕೊಂಡು, ಒಂದು ಮಾತ್ರ ಬೋರಲು ಬಿದ್ದು, ಹಾಗೆಯೇ ಕೆತ್ತಿದ್ದ. ಅದು ಎಷ್ಟೋ ಮನೆಗಳ ಪರದೆಯಾಯಿತು. ಎಲ್ಲರೂ ಅದನ್ನು ಎಲೆಗಳು ಅಂದುಕೊಂಡರು. ಅವನು ಯಾರಿಗೂ ಹೇಳಲಿಲ್ಲ, ಮನಸ್ಸಿನೊಳಗೇ ನಕ್ಕ. ಈಗ ಚಪ್ಪಲಿ ನೋಡಿದರೆ ಚಪ್ಪಲಿ. ಪೆನ್ಸಿಲ್ ಹಿಡಿದರೆ ಕೈ ತಾನಾಗಿ ಹಳೆಯ ಬಳ್ಳಿಯನ್ನೇ ಬರೆಯುತ್ತದೆ, ಬರೆದು ಮುಗಿಸಿ 'ಇದನ್ನ ಮಾಡಿದ್ದೀಯಲ್ಲ' ಎಂದು ಅವನನ್ನೇ ಮೂದಲಿಸುತ್ತದೆ. ನಿನ್ನೆ ಕಾರ್ಖಾನೆಯ ಯಜಮಾನ್ತಿ ಅವನ ಮೇಜಿನ ಹತ್ತಿರ ಬಂದು, ಬೈಯುವುದಕ್ಕೇನೂ ಅಲ್ಲ, ಮೆತ್ತಗೆ, "ನಾಳೆ ಸಂಜೆಯೊಳಗೆ ಏನಾದ್ರೂ ಹೊಸದು ಆದ್ರೆ ನೋಡಿ. ನಾಡಿದ್ದು ಬೆಳಿಗ್ಗೆ ಸ್ಯಾಂಪಲ್ ಗಾಡಿ ಹೋಗುತ್ತೆ. ಆಗಲಿಲ್ಲಾಂದ್ರೂ ಪರವಾಗಿಲ್ಲ, ನಿಮ್ಮ ಹಳೇ ಬಳ್ಳೀನೇ ಒತ್ತಿಸ್ತೀನಿ. ಮನೇಲಿ ಅಕ್ಕಂಗೂ ಹುಷಾರಿಲ್ಲ, ನೀವೂ ದಣಿದಿದೀರಿ" ಅಂದಿದ್ದಳು. ಬೈದಿದ್ದರೆ ಸಹಿಸಬಹುದಿತ್ತು. ಪರವಾಗಿಲ್ಲ ಎಂಬ ಆ ಒಂದು ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತ್ತು.

ಅದನ್ನೇ ಯೋಚಿಸುತ್ತ ಬೆಳಿಗ್ಗೆ ಅವನು ಅಕ್ಕನ ಹಾಸಿಗೆಯ ಚಾದರ ಬದಲಾಯಿಸುತ್ತಿದ್ದ. ಅಕ್ಕ ಬಚ್ಚಲಲ್ಲಿದ್ದಳು. ನೀರು ಬೀಳುವ ಸದ್ದು, ಅದು ನಿಂತಾಗ ಅವಳು ಯಾವುದನ್ನೋ ಬೈಯುವ ಸದ್ದು. ಸೋಪಿರಬಹುದು, ಚೊಂಬಿರಬಹುದು, ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗಿನಿಂದ ಅವಳು ಮನೆಯ ಸಾಮಾನುಗಳ ಜೊತೆಯೆಲ್ಲ ಜಗಳ ಕಾಯುತ್ತಿದ್ದಳು. 'ನೀನೂ ನನ್ನ ಆಟ ಆಡಿಸ್ತೀಯಾ?' ಎಂದು ಡಬ್ಬಿಯ ಮುಚ್ಚಳವನ್ನು ಕೇಳುವಳು. ಕಾಲು ಸರಿಹೋಯಿತು, ಸೊಟ್ಟಗಾಗಿದ್ದ ಬಾಯಿ ಸರಿಹೋಯಿತು, ಬಾಯಿಯ ಜೋರಂತೂ ಒಂದು ದಿನವೂ ಕಡಿಮೆಯಾಗಲಿಲ್ಲ. ಕೈ ಮಾತ್ರ ತೊಡೆಯ ಮೇಲೆ, ಬೇರೆ ಯಾರದೋ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರು ಎಂದು ಕೊಟ್ಟು ಹೋದ ಹಾಗೆ, ಬಿದ್ದಿರುತ್ತಿತ್ತು. ಆ ಕೈ ಏನು ಸಾಮಾನ್ಯ ಕೈಯೇ? ಬೀದಿಯ ಅರ್ಧ ಜನ ತಮ್ಮ ಪ್ಯಾಂಟು, ಲಂಗ, ಪರದೆಗಳ ಅಂಚನ್ನು ಅವಳಿಂದಲೇ ಮಡಿಸಿ ಹೊಲಿಸಿಕೊಂಡವರು. ಬಟ್ಟೆ ತಿರುಗಿಸಿ ನೋಡಿದರೂ ಹೊಲಿಗೆ ಕಾಣುತ್ತಿರಲಿಲ್ಲ. ಚಿಕ್ಕವನಿದ್ದಾಗ ಅವನು ಅವಳ ಪಕ್ಕ ಕೂತು, ಸೂಜಿ ಮುಳುಗಿ ಏಳುವುದನ್ನು ನೋಡುತ್ತ ನೋಡುತ್ತ ಹಾಗೇ ನಿದ್ದೆ ಹೋಗುತ್ತಿದ್ದ. ಈಗ ಹಾಸಿಗೆಯ ಮೂಲೆ ಎತ್ತಿದಾಗ ಅಡಿಯಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಹಳೆಯ ಬಿಳಿ ಚಾದರದ ಒಂದು ತುಂಡು, ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಮಡಿಸಿದ್ದು, ಒಂದೊಂದು ಮಡಿಕೆಯ ಅಂಚಿಗೂ ನೀಲಿ ದಾರದ ಹೊಲಿಗೆ. ಅವನು ಬಗ್ಗಿ ಎತ್ತಿಕೊಂಡ. ಎತ್ತಿಕೊಂಡವನು ಹಾಗೇ ಹಾಸಿಗೆಯ ಮೇಲೆ ಕೂತುಬಿಟ್ಟ.

ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು. ಬಲಗೈಯವರ ಅಂಚಿನ ಹೊಲಿಗೆ ಬಲಕ್ಕೆ ವಾಲುತ್ತದೆ, ಎಡಗೈಯವರದು ಎಡಕ್ಕೆ. ಅಕ್ಕನ ಪಕ್ಕ ಕೂತು ಬೆಳೆದವನಿಗೆ ಅಷ್ಟು ಗೊತ್ತಿತ್ತು. ಆದರೆ ಇವು ಬರೀ ವಾಲಿರಲಿಲ್ಲ. ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಉಸಿರು ತೆಗೆದುಕೊಂಡಷ್ಟು ಜಾಗ, ಮತ್ತೆ ಒಂದು ಗಿಡ್ಡ, ಒಂದು ಪೂರ್ತಿ ಮಲಗಿಯೇಬಿಟ್ಟದ್ದು, ಅದರ ಪಕ್ಕದ್ದು ಅದನ್ನು ಎಬ್ಬಿಸಲು ಬಂದ ಹಾಗೆ ನೆಟ್ಟಗೆ ನಿಂತದ್ದು. ಮೊದಲ ಸಾಲಿನಲ್ಲಿ ಜಾಗ ಹೆಚ್ಚು, ಹೊಲಿಗೆ ಕಡಿಮೆ. ಕೆಳಕೆಳಗೆ ಹೋದ ಹಾಗೆ ಅವು ಹತ್ತಿರ ಹತ್ತಿರ ಬರುತ್ತವೆ, ಒಂದನ್ನೊಂದು ತಾಕುತ್ತವೆ, ಮತ್ತೆ ಯಾಕೋ ದೂರ ಹೋಗುತ್ತವೆ. ಇಷ್ಟು ದಿನದಿಂದ ಮುಚ್ಚಿದ್ದ ಅವನ ಕಣ್ಣು ಆ ಸಾಲುಗಳ ಮೇಲೆ ಓಡಿತು, ಹಿಂದಕ್ಕೆ ಬಂತು, ಮತ್ತೆ ಓಡಿತು. ಅವನಿಗೆ ಹೊಟ್ಟೆಯೊಳಗೆ ಹಸಿವಾದ ಹಾಗೆ ಆಯಿತು. ಹಾಗೆ ಆಗದೆ ಅವನು ಯಾವ ಒಳ್ಳೆಯ ಅಚ್ಚನ್ನೂ ಕೆತ್ತಿದವನಲ್ಲ. ಇವಳು ಇದನ್ನು ಹೇಗೆ ಮಾಡಿದಳು? ಕಾಯಿಲೆಯ ಹೊಸದರಲ್ಲಿ ಒಂದು ದಿನ ಬಾಗಿಲ ಸಂದಿಯಿಂದ ಕಂಡಿದ್ದನ್ನು ಅವನು ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದ: ಸೋಪಿನ ಬಿಲ್ಲೆಗೆ ಸೂಜಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿ, ಎಡಗೈಯಿಂದ ದಾರ ಪೋಣಿಸುತ್ತಿದ್ದಳು. ಆಮೇಲೆ ತನ್ನ ಬಲಗೈಯನ್ನೇ ಎಡಗೈಯಿಂದ ಎತ್ತಿ, ಹಾರದಿರಲೆಂದು ಕಾಗದದ ಮೇಲೆ ಕಲ್ಲಿಡುವ ಹಾಗೆ, ಬಟ್ಟೆಯ ಮೇಲೆ ಇಟ್ಟಳು. ಸತ್ತ ಕೈಗೂ ಒಂದು ಕೆಲಸ ಹಚ್ಚಿದ್ದಳು. ಎಂಥ ಹೆಂಗಸಪ್ಪ ಇವಳು ಎಂದು ಈಗ ಅವನಿಗೆ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಕೈ ಆ ಬಟ್ಟೆಯನ್ನು ಮಡಿಸಿ ತನ್ನ ಚೀಲದೊಳಗೆ ತೂರಿಸುತ್ತಿತ್ತು. ಕಣ್ಣೊಂದು ಮಾಡಿದರೆ ಕೈಯೊಂದು ಮಾಡುತ್ತಿದೆಯಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಯಾಕೆಂದರೆ ಅದು ಯಾರೂ ನೋಡಬಾರದ ಬಟ್ಟೆ. ಎದುರುಮನೆಯ ನರ್ಸಮ್ಮ ಒಳ್ಳೆಯವಳು, ಒಳ್ಳೆಯತನಕ್ಕೇ ತನ್ನ ಹೊಸ ಬಿಳಿ ಕೋಟನ್ನು ತಂದು, "ಅಂಚು ಮಡಿಸಿಕೊಡಿ ಅಕ್ಕಾ, ನಿಧಾನಕ್ಕಾಗ್ಲಿ" ಎಂದು ಕೊಟ್ಟುಹೋಗಿದ್ದಳು. ಅಕ್ಕ ಆ ಕೋಟಿನ ಮುಂದೆ ದಿನಗಟ್ಟಲೆ ಕೂತಳು. ಹೊಲಿದು ಬಿಚ್ಚಿದಳು, ಬಿಚ್ಚಿ ಹೊಲಿದಳು, ಕೊನೆಗೆ ಇಸ್ತ್ರಿ ಮಾಡಿಸಿ ಕೊಟ್ಟಳು. ಮುಂದಿನ ವಾರ ನರ್ಸಮ್ಮ ಆ ಕೋಟು ಹಾಕಿಕೊಂಡು ಬೀದಿಯಲ್ಲಿ ಹೋಗುವಾಗ ಅಂಚಿನಲ್ಲಿ ಮಷೀನಿನ ಹೊಲಿಗೆ ಗೀಟೆಳೆದ ಹಾಗೆ ಓಡುತ್ತಿತ್ತು. ಕಿಟಕಿಯಲ್ಲಿ ನಿಂತಿದ್ದ ಅಕ್ಕ ಆ ದಿನ ಡಬ್ಬಿಯ ಮುಚ್ಚಳವನ್ನೂ ಬೈಯಲಿಲ್ಲ. ಊಟಕ್ಕೆ ಕೂತಾಗ ಮಾತ್ರ, "ಮಷೀನು ಚೆನ್ನಾಗಿ ಹೊಲಿದಿದೆ ಕಣೋ" ಅಂದಳು. ಆಮೇಲೆ ಅವಳು ಕಿಟಕಿಯ ಹತ್ತಿರ ಕೂತು ಹೊಲಿದದ್ದನ್ನು ಯಾರೂ ನೋಡಲಿಲ್ಲ. ಹೊಲಿಗೆ ಬಿಟ್ಟೇಬಿಟ್ಟಳು ಎಂದು ಅವನು ಅಂದುಕೊಂಡಿದ್ದ, ಒಂದು ರೀತಿಯಲ್ಲಿ ಹಾಯೆನ್ನಿಸಿಯೂ ಇತ್ತು. ಬಿಟ್ಟಿರಲಿಲ್ಲ, ಹಾಸಿಗೆಯ ಅಡಿಗೆ ಇಳಿಸಿದ್ದಳು. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಅವನು ಹೊಸ ಚಾದರವನ್ನು ಅರ್ಧಂಬರ್ಧ ಎಳೆದು, ಚೀಲ ಹೆಗಲಿಗೆ ಹಾಕಿಕೊಂಡ. "ಬ್ರೆಡ್ಡು ತಿನ್ನದೇ ಹೊರಟ್ಯಾ? ಯಾವ ರಾಜ್ಯ ಮುಳುಗ್ತಿದೆ ಅಲ್ಲಿ?" ಎಂದು ಅಕ್ಕ ಒದ್ದೆ ಕೂದಲಿನಲ್ಲೇ ಬಾಗಿಲಿಗೆ ಬಂದು ಕೇಳಿದಳು. "ಅಲ್ಲೇ ತಿಂತೀನಿ ಅಕ್ಕ" ಎಂದು ಅವಳ ಮುಖ ನೋಡದೆ ಮೆಟ್ಟಿಲಿಳಿದ.

ಬಸ್ಸಿನಲ್ಲಿ ಚೀಲವನ್ನು ಎರಡು ಕೈಯಿಂದ ಅವುಚಿಕೊಂಡು ಕೂತ. ಆಶ್ಚರ್ಯವೆಂದರೆ ಎಲ್ಲವೂ ಮತ್ತೆ ಕಾಣತೊಡಗಿತ್ತು. ಪಕ್ಕದ ಮುದುಕನ ಸ್ವೆಟರಿನ ಮೊಣಕೈಯಲ್ಲಿ ಎಳೆ ಸವೆದು ಜಾಲರಿಯಾದದ್ದು, ಬಾಗಿಲ ಕಂಬಿಯಲ್ಲಿ ಜನ ಹಿಡಿದು ಹಿಡಿದು ಬಣ್ಣ ಹೋಗಿ ಹೊಳೆಯುವ ಜಾಗ, ರಸ್ತೆ ಅಗೆದು ಮುಚ್ಚಿದ ಕಪ್ಪು ತೇಪೆಗಳು. ಎಲ್ಲವೂ ಯಾರೋ ಏನೋ ಮಾಡಿದ್ದರ ಗುರುತು. ತೇಪೆ ಹಾಕಿದವನು ಒಂದು ಮೂಲೆಯಲ್ಲಿ ಸಲಿಕೆಯಿಂದ ತಟ್ಟಿ ಸುಮ್ಮನೆ ಒಂದು ಅರ್ಧಚಂದ್ರ ಬಿಟ್ಟಿದ್ದ. ಅಯ್ಯೋ, ಇದೆಲ್ಲ ಇಲ್ಲೇ ಇತ್ತಲ್ಲ, ನಾನು ಎಲ್ಲಿ ಹೋಗಿದ್ದೆ ಎಂದುಕೊಂಡ. ಸಂತೋಷವಾಯಿತು. ಆ ಸಂತೋಷದ ಬೆನ್ನಿಗೇ, ಈಗ ಅಕ್ಕ ಹಾಸಿಗೆಯ ಅಡಿಗೆ ಕೈ ಹಾಕುತ್ತಿರಬಹುದು ಅನ್ನಿಸಿ ಬೆವರಿದ. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ಸು ಹೋಗಿ ಇಟ್ಟುಬಿಡಬೇಕು. ನಿಲ್ದಾಣ ಬಂತು, ಹೋಯಿತು. ಅವನು ಏಳಲಿಲ್ಲ.

ಅಚ್ಚು ಕೆತ್ತುವವರು ಮೊದಲು ತೆಳು ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಆಮೇಲೆ ಆ ಕಾಗದವನ್ನು ಮಗುಚಿ ಮರಕ್ಕೆ ಅಂಟಿಸುತ್ತಾರೆ, ಯಾಕೆಂದರೆ ಅಚ್ಚಿನಲ್ಲಿ ಎಡಕ್ಕಿದ್ದದ್ದು ಬಟ್ಟೆಯ ಮೇಲೆ ಬಲಕ್ಕೆ ಬೀಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿಕೊಡುವುದೇ ಇದನ್ನು. ಅವನೂ ಕಾಗದ ತೆಗೆದು, ಅಕ್ಕನ ಬಟ್ಟೆ ಎದುರಿಗಿಟ್ಟುಕೊಂಡು ಬರೆಯಲು ನೋಡಿದ. ಆಗಲಿಲ್ಲ. ಪೆನ್ಸಿಲ್ ಹಿಡಿದ ಕೈ, ತರಬೇತಿಯಾದ ಕೈ, ಮಲಗಿದ ಹೊಲಿಗೆಯನ್ನು ಎತ್ತಿ ನಿಲ್ಲಿಸುತ್ತಿತ್ತು, ಗಿಡ್ಡದ್ದನ್ನು ಎಳೆದು ಉದ್ದ ಮಾಡುತ್ತಿತ್ತು, ಜಾಗಗಳನ್ನೆಲ್ಲ ಸಮ ಮಾಡಿ ಒಂದು ಅಂದದ ಬೇಲಿ ಕಟ್ಟಿ ಕೊಡುತ್ತಿತ್ತು. ಕಾಗದದ ಮೇಲೆ ಇದ್ದದ್ದು ನರ್ಸಮ್ಮನ ಕೋಟಿನ ಮಷೀನು ಹೊಲಿಗೆ. ಅವನು ಕಾಗದ ಹರಿದೆಸೆದ. ಬಟ್ಟೆಯನ್ನೇ ಹಲಗೆಯ ಪಕ್ಕಕ್ಕೆ ಮೊಳೆ ಹೊಡೆದು ನಿಲ್ಲಿಸಿ, ಒಂದೊಂದು ಹೊಲಿಗೆಯನ್ನೂ ನೋಡಿ, ನೋಡಿದ ಹಾಗೇ ಮರದ ಮೇಲೆ ಗೀಟು ಹಾಕಿದ. ಆಮೇಲೆ ಉಳಿ ಹಿಡಿದ. ಬಳ್ಳಿಯಾಗಿದ್ದರೆ ದಿನಗಳು ಹಿಡಿಯುತ್ತಿದ್ದವು, ಇವು ಬರೀ ಗೀಟುಗಳು; ಗೀಟು ಉಳಿಸಿ ಸುತ್ತಲಿನ ಮರ ತೆಗೆಯಬೇಕು, ಅಷ್ಟೆ. ಆದರೆ ಅಷ್ಟೆ ಎಂದುಕೊಂಡದ್ದು ಎಷ್ಟೊಂದಾಗಿತ್ತು! ಈ ಉದ್ದ ಹೊಲಿಗೆಯ ತುದಿ ಯಾಕೆ ಇಷ್ಟು ಬಾಗಿದೆ? ಇಲ್ಲಿ ಬಲಗೈ ಜಾರಿ ಬಟ್ಟೆ ಸರಿದಿರಬೇಕು. ಇಲ್ಲಿ ಜಾಗ ಬಿಟ್ಟದ್ದು ಬೇಸರ ಬಂದು. ಇಲ್ಲಿ ದಾರ ಮುಗಿದು, ಸೋಪಿನ ಬಿಲ್ಲೆ, ಪೋಣಿಸುವುದು, ತಪ್ಪುವುದು, ಮತ್ತೆ ಪೋಣಿಸುವುದು. ಈ ಸಾಲಿನಲ್ಲಿ ಅವಳಿಗೆ ಸ್ವಲ್ಪ ಖುಷಿಯಾಗಿದೆ, ಸರಸರ ಹೋಗಿದ್ದಾಳೆ, ಖುಷಿಯಲ್ಲೇ ಎಡವಿದ್ದಾಳೆ. ಅವಳ ಜೊತೆ ಒಂದೇ ಮನೆಯಲ್ಲಿದ್ದು ಇಷ್ಟು ತಿಂಗಳು ತಿಳಿಯದ್ದು ಮರದಲ್ಲಿ ತಿಳಿಯುತ್ತಿತ್ತು. ಅಕ್ಕನ ಮೇಲೆ ಅವನಿಗೆ ಮೊದಲಿಂದ ಇದ್ದದ್ದು ಪ್ರೀತಿ, ಸ್ವಲ್ಪ ಹೆದರಿಕೆ, ಈಚೆಗೆ ಕನಿಕರ. ಈಗ ಹುಟ್ಟಿದ್ದು ಗೌರವ, ಒಬ್ಬ ಕೆಲಸಗಾರನಿಗೆ ಇನ್ನೊಬ್ಬ ಕೆಲಸಗಾರನ ಮೇಲೆ ಹುಟ್ಟುವಂಥದ್ದು. ಕನಿಕರ ಪಟ್ಟದ್ದಕ್ಕೆ ಅವನಿಗೆ ತನ್ನ ಮೇಲೆ ಸಿಟ್ಟು ಬಂತು.

ಮಧ್ಯಾಹ್ನ ಕಳೆದ ಮೇಲೆ ಅಚ್ಚನ್ನು ಎತ್ತಿಕೊಂಡು ಪಕ್ಕದ ಹಾಲಿಗೆ ಹೋದ. ಅಲ್ಲಿ ಬಟ್ಟೆಗೆ ಬಣ್ಣ ಒತ್ತುವ ಹೆಂಗಸಿಗೆ ಎಲ್ಲರೂ ನೀಲಿಕೈ ಎಂದೇ ಕರೆಯುತ್ತಿದ್ದರು. ಅವಳ ಅಂಗೈ ಎಷ್ಟು ತೊಳೆದರೂ ಬಿಳಿಯಾದದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಅಚ್ಚನ್ನು ಬಣ್ಣದ ತಟ್ಟೆಗೆ ತಾಕಿಸಿ, ದಪ್ಪ ಹಾಸಿದ ಮೇಜಿನ ಮೇಲಿನ ಬಿಳಿ ಬಟ್ಟೆಗೆ ಇಟ್ಟು, ಮುಷ್ಟಿಯಿಂದ ಒಂದು ಗುದ್ದು ಗುದ್ದಿದಳು. ಎತ್ತಿದಳು. ಗೀಟುಗಳೆಲ್ಲ ಬಲಕ್ಕೆ ವಾಲಿದ್ದವು. ಮಗುಚುವುದನ್ನು ಮರೆತಿದ್ದ! ಕಣ್ಣಿಗೆ ಕಂಡ ಹಾಗೇ ಮರಕ್ಕೆ ಹಾಕಿಬಿಟ್ಟಿದ್ದ. ನೀಲಿಕೈ ಅಕ್ಕನ ಬಟ್ಟೆಯನ್ನೂ ಒತ್ತಿದ ಬಟ್ಟೆಯನ್ನೂ ಅಕ್ಕಪಕ್ಕ ಹಿಡಿದು ನೋಡಿ, ನಗು ತಡೆಯಲಾರದೆ, "ಅಲ್ಲ ಸಾರ್, ನಿನ್ನೆ ಸೇರಿದವರು ಈ ತಪ್ಪು ಮಾಡಿದ್ರೆ ನೀವು ಮೂರು ದಿನ ಮಾತಾಡ್ಸಲ್ಲ. ಈಗ ನಿಮ್ಮನ್ನ ಯಾರು ಮಾತಾಡಿಸಬಾರದು?" ಅಂದಳು. ಅವನ ಕಿವಿ ಕೆಂಪಾಯಿತು. ಹಾಲಿನಲ್ಲಿ ಇನ್ನೂ ಕೆಲವರು ನಕ್ಕರು. ನಗು ಅವನಿಗೆ ತಾಕಲಿಲ್ಲ. ತಾಕಿದ್ದು ಬೇರೆ: ಅಷ್ಟು ಕಷ್ಟಪಟ್ಟು ಎಡಗೈ ಮಾಡಿದ್ದನ್ನು ಕಿತ್ತುಕೊಂಡು ಬಲಗೈಗೆ ಕೊಟ್ಟುಬಿಟ್ಟೆನಲ್ಲ. ಕದ್ದದ್ದೂ ಅಲ್ಲದೆ, ಕದ್ದದ್ದನ್ನು ಕೆಡಿಸಿಯೂ ಇಟ್ಟೆ. "ಬಿಡು, ಇನ್ನೊಂದು ಕೆತ್ತುತೀನಿ" ಎಂದು ಅಚ್ಚಿಗೆ ಕೈ ಚಾಚಿದ. ನೀಲಿಕೈ ಕೊಡಲಿಲ್ಲ. ಅವಳ ನಗು ನಿಂತಿತ್ತು. ಒಂದರ ಪಕ್ಕ ಇನ್ನೊಂದು, ಅದರ ಕೆಳಗೆ ಮತ್ತೊಂದು, ಬಟ್ಟೆ ತುಂಬುವವರೆಗೂ ಒತ್ತುತ್ತಲೇ ಹೋದಳು. "ತಡೀರಿ ಸಾರ್. ಇದು ನಡೀತಾ ಇದೆ ನೋಡಿ. ಬಟ್ಟೆ ತುಂಬ ನಡ್ಕೊಂಡು ಹೋಗ್ತಾ ಇದೆ" ಅಂದಳು.

ಯಜಮಾನ್ತಿ ಬಂದು ಆ ಬಟ್ಟೆಯ ಮುಂದೆ ತುಂಬ ಹೊತ್ತು ನಿಂತಳು. ಹತ್ತಿರ ಹೋದಳು, ದೂರ ಬಂದು ಕನ್ನಡಕ ತೆಗೆದು ನೋಡಿದಳು. ಪರವಾಗಿಲ್ಲ ಎನ್ನಲಿಲ್ಲ. "ಎಲ್ಲಿಂದ ತಂದ್ರಿ ಇದನ್ನ?" ಎಂದು ಕೇಳಿದಳು. ಚಪ್ಪಲಿಯನ್ನು ಎಲೆ ಎಂದುಕೊಂಡವರಿಗೆ ಏನೂ ಹೇಳದೆ ಇದ್ದವನು ಈಗ ಬಾಯಿ ಬಿಟ್ಟ. "ಇದು ನಂದಲ್ಲ ಮೇಡಂ. ನಮ್ಮಕ್ಕಂದು. ಅವಳ ಎಡಗೈದು. ಅವಳನ್ನ ಕೇಳದೆ ತಂದಿದೀನಿ." ಹೇಳಿದ ಮೇಲೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ, ಅಕ್ಕ ಹಾಸಿಗೆಯ ಅಡಿಗೆ ಇಟ್ಟದ್ದನ್ನು ಈಗ ಹಾಲಿನಲ್ಲಿದ್ದ ಎಲ್ಲರೂ ನೋಡುತ್ತಿದ್ದರು. ಯಜಮಾನ್ತಿ ಕನ್ನಡಕ ಮತ್ತೆ ಹಾಕಿಕೊಂಡು, "ಹಾಗಾದ್ರೆ ನಾನು ಹ್ಞೂ ಅಂದ್ರೆ ಆಗಲ್ಲ, ಅವರು ಹ್ಞೂ ಅನ್ನಬೇಕು. ಈ ಬಟ್ಟೆ ಮನೆಗೆ ತಗೊಂಡು ಹೋಗಿ. ಅವರು ಬೇಡ ಅಂದ್ರೆ ಅಚ್ಚು ಸುಟ್ಟುಬಿಡಿ, ನಾನು ನಿಮ್ಮ ಬಳ್ಳೀನೇ ಕಳಿಸ್ತೀನಿ" ಅಂದಳು. ಅಚ್ಚು ಸುಡುವ ಮಾತು ಕೇಳಿ ಅವನ ಕೈ ತಾನಾಗಿ ಅಚ್ಚಿನ ಕಡೆ ಹೋಯಿತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹಾಸಿಗೆ ಮಗುಚಿ ಬಿದ್ದಿತ್ತು. ಒಂದೇ ಕೈಯಲ್ಲಿ ಅಷ್ಟು ಭಾರದ ಹಾಸಿಗೆಯನ್ನು ಹೇಗೆ ಮಗುಚಿದಳೋ. ಅಕ್ಕ ಬರೀ ಮಂಚದ ಹಲಗೆಯ ಮೇಲೆ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡ, ಬೈಯಲಿಲ್ಲ, ಸಣ್ಣ ದನಿಯಲ್ಲಿ, "ಎಲ್ಲೋ ಅದು?" ಅಂದಳು. ಅವನು ಚೀಲದಿಂದ ತೆಗೆದು ಕೊಟ್ಟ. ಅಂಚಿನಲ್ಲಿ ಮೊಳೆ ಹೊಡೆದ ತೂತುಗಳನ್ನು ಅವಳ ಹೆಬ್ಬೆರಳು ಕೂಡಲೇ ಕಂಡುಹಿಡಿಯಿತು. "ಗೋಡೆಗೆ ಹೊಡೆದಿದ್ಯಾ? ಎಲ್ಲರಿಗೂ ತೋರಿಸ್ದ್ಯಾ? ನಗೋಕೆ ಬೇರೆ ಏನೂ ಸಿಗಲಿಲ್ವೇನೋ ನಿಮಗೆ?" ದನಿ ಒಡೆಯಿತು. ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು. ಅವಳ ಮುಂದೆ ನೆಲದ ಮೇಲೆ ಕೂತು, ಒತ್ತಿದ ಬಟ್ಟೆಯನ್ನು ಬಿಚ್ಚಿ ಅವಳ ಮಡಿಲಲ್ಲಿ ಹರಡಿದ. ಬಲಗೈ ಅದರ ಅಡಿಯಲ್ಲಿ ಮುಚ್ಚಿಹೋಯಿತು.

ಅಕ್ಕ ನೋಡಿದಳು. ಬಟ್ಟೆ ಹಿಡಿದ ಕೂಡಲೇ ತಿರುಗಿಸಿ ನೋಡುವುದು ಅವಳ ಅಭ್ಯಾಸ, ತಿರುಗಿಸಿಯೂ ನೋಡಿದಳು. "ಇದು ನಂದಲ್ಲ" ಅಂದಳು. "ನಿಂದೇ ಅಕ್ಕ." "ನಂದು ಆ ಕಡೆ ವಾಲುತ್ತೆ. ಇದು ಬಲಗೈದು. ನನಗೇ ಹೇಳ್ಕೊಡ್ತೀಯಾ?" ಅವನು ತಲೆ ತಗ್ಗಿಸಿ, ಮಗುಚುವುದು ಮರೆತದ್ದನ್ನು ಹೇಳಿದ, ನೀಲಿಕೈ ನಕ್ಕದ್ದನ್ನು ಹೇಳಿದ, ನಾಳೆ ಬೆಳಿಗ್ಗೆ ಸ್ಯಾಂಪಲ್ ಗಾಡಿ ಹೋಗುವುದನ್ನು ಹೇಳಿದ, ನೀನು ಬೇಡ ಅಂದರೆ ಈಗಲೇ ಹೋಗಿ ಅಚ್ಚು ಸುಟ್ಟುಬರುತ್ತೇನೆ ಅಂದ. ಅವಳು ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ. ಎಡಗೈಯ ಹೆಬ್ಬೆರಳು ಒಂದು ಸಾಲಿನ ಮೇಲೆ ನಿಧಾನವಾಗಿ ಹೋಗುತ್ತಿತ್ತು: ಎರಡು ಗಿಡ್ಡ, ಒಂದು ಉದ್ದ, ಜಾಗ. ಅಲ್ಲಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು. ಅವಳ ಮುಖ ಬದಲಾಗುತ್ತಿದ್ದದ್ದನ್ನು ಅವನು ಕೆಳಗಿನಿಂದ ನೋಡಿದ. ಗುರುತಿನವರು ಬೀದಿಯ ಆ ತುದಿಯಿಂದ ಬರುತ್ತಿದ್ದರೆ, ಇವರೇನಾ, ಅವರೇನಾ ಎಂದು ಕಣ್ಣು ಕಿರಿದು ಮಾಡುತ್ತೇವಲ್ಲ, ಹಾಗೆ. "ಅಯ್ಯೋ" ಅಂದಳು. "ಇದು ಅಮ್ಮನ ದಿಂಬಿನ ಚೀಲ ಕಣೋ."

"ಯಾವ ದಿಂಬು?"

"ನಾನು ಮೊದಲ್ನೇ ಸಲ ಹೊಲಿದದ್ದು. ಹೀಗೇ ಇತ್ತು, ಥೇಟ್ ಹೀಗೇ. ಒಂದು ಮಲಗಿದ್ರೆ ಒಂದು ಎದ್ದಿರ್ತಿತ್ತು. ಅಮ್ಮ ಬಿಚ್ಚು ಅಂತಿದ್ಲು, ಬಿಚ್ಚಿ ಹೊಲಿ ಅಂತಿದ್ಲು, ನಾನು ಅಳ್ತಾ ಕೂರ್ತಿದ್ದೆ. ನೀನಿನ್ನೂ ಹುಟ್ಟೇ ಇರಲಿಲ್ಲ." ಅವಳು ಬಟ್ಟೆಯ ಅಡಿಯಿಂದ ಬಲಗೈಯನ್ನು ಹೊರಗೆಳೆದು, ಒತ್ತಿದ ಗೀಟುಗಳ ಮೇಲೆ ಇಟ್ಟಳು. "ಈ ಕೈದೇ ಇದು. ಆಗ ಇದಕ್ಕೂ ಬರ್ತಿರಲಿಲ್ಲ. ನಾನು ಮರೆತೇಬಿಟ್ಟಿದ್ದೆ ನೋಡು, ಹುಟ್ತಾನೇ ಬರ್ತಿತ್ತು ಅನ್ಕೊಂಡಿದ್ದೆ." ಆಮೇಲೆ ಎಡಗೈಯನ್ನು ಬೆಳಕಿಗೆ ಎತ್ತಿ, ಬೆರಳುಗಳನ್ನು ಬಿಡಿಸಿ, ಸೂಜಿ ಚುಚ್ಚಿದ ಗುರುತುಗಳನ್ನು ಒಂದೊಂದಾಗಿ ನೋಡಿದಳು. "ಇದಕ್ಕೆ ಇನ್ನೂ ಆ ವಯಸ್ಸು ಕಣೋ. ಪಾಪ, ಇದನ್ನ ಎಷ್ಟು ಬೈದುಬಿಟ್ಟೆ." ಅವಳ ಕಣ್ಣಿನಿಂದ ನೀರು ಇಳಿಯಿತು, ಅದರ ಜೊತೆಗೇ ನಗುವೂ ಬಂತು, ಮೂಗು ಒರೆಸಿಕೊಳ್ಳಲು ಕೈ ಸಾಲದೆ ತೋಳಿಗೆ ಮುಖ ಒರೆಸಿದಳು. ಅವನಿಗೆ ಹಾಗಾದರೆ ಕಳಿಸಲೇ ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ. ಅಕ್ಕ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, ಎಳೆ ಬಿಟ್ಟುಕೊಂಡದ್ದನ್ನು ನೋಡಿ ಮುಖ ಗಂಟು ಹಾಕಿದಳು. "ಅಂಚು ಮಡಿಸದೆ ಯಾರಾದ್ರೂ ಸ್ಯಾಂಪಲ್ ಕಳಿಸ್ತಾರಾ? ನಿಮ್ಮ ಕಾರ್ಖಾನೆಗೆ ಮಾನ ಮರ್ಯಾದೆ ಏನೂ ಇಲ್ವಾ? ಹೋಗು, ಸೋಪು ತಗೊಂಡು ಬಾ. ಸೂಜಿ ದಾರ ಅಲ್ಲೇ ಡಬ್ಬೀಲಿದೆ."

ಅವನು ಸೋಪಿನ ಬಿಲ್ಲೆ ತಂದ. ಅಷ್ಟರಲ್ಲಿ ಅವಳು ಕುರ್ಚಿಯನ್ನು ಕಾಲಿಂದ ತಳ್ಳುತ್ತ ತೆರೆದ ಬಾಗಿಲ ಹತ್ತಿರ ಹಾಕಿಕೊಂಡಿದ್ದಳು, ಬೀದಿಯ ಬೆಳಕು ಮಡಿಲಿಗೆ ಬೀಳುವ ಹಾಗೆ. ಸೂಜಿ ನೆಟ್ಟಳು, ದಾರ ತಪ್ಪಿತು, ತಪ್ಪಿತು, ಹೋಯಿತು. ಬಲಗೈ ಎತ್ತಿ ಬಟ್ಟೆಯ ಮೇಲೆ ಇಟ್ಟಳು. ಸಹಾಯಕ್ಕೆ ಬಗ್ಗಿದವನನ್ನು ಒಂದು ನೋಟದಲ್ಲಿ ಹಿಂದಕ್ಕೆ ಕಳಿಸಿದಳು. ಒತ್ತಿದ ಗೀಟುಗಳು ಬಲಕ್ಕೆ ವಾಲಿಕೊಂಡು ನಡೆದಿದ್ದವು, ಅವುಗಳ ಪಕ್ಕದಲ್ಲಿ ಅಂಚಿನ ಉದ್ದಕ್ಕೂ ಅವಳ ಹೊಲಿಗೆಗಳು ಎಡಕ್ಕೆ ವಾಲಿಕೊಂಡು ಬರತೊಡಗಿದವು. ಅವನು ಚಿಕ್ಕವನಿದ್ದಾಗಿನ ಹಾಗೆ ಪಕ್ಕದಲ್ಲಿ ಕೂತು ಸೂಜಿ ಮುಳುಗಿ ಏಳುವುದನ್ನು ನೋಡಿದ. ಮುಂಚಿಗಿಂತ ತುಂಬ ನಿಧಾನವಾಗಿತ್ತು, ಅದಕ್ಕೇ ತುಂಬ ಚೆನ್ನಾಗಿ ಕಾಣುತ್ತಿತ್ತು. ಆಸ್ಪತ್ರೆ ಮುಗಿಸಿ ಬಂದ ನರ್ಸಮ್ಮ ತನ್ನ ಬಾಗಿಲ ಬೀಗ ತೆಗೆಯುತ್ತಿದ್ದವಳು ಇತ್ತ ತಿರುಗಿ, ಕೋಟಿನ ಅಂಚನ್ನು ಕೈಯಿಂದ ಮರೆಮಾಡುವ ಹಾಗೆ ಹಿಡಿದುಕೊಂಡು, ಹಿಂಜರಿಯುತ್ತ, "ಏನ್ ಅಕ್ಕಾ, ಹೊಲೀತಿದೀರಾ?" ಎಂದು ಕೇಳಿದಳು. ಅಕ್ಕ ಬಟ್ಟೆ ಮಡಿಸಲಿಲ್ಲ, ಮುಚ್ಚಲಿಲ್ಲ, ತಲೆ ಎತ್ತುವುದಕ್ಕೂ ಪುರಸೊತ್ತಿಲ್ಲದವಳ ಹಾಗೆ ಸೂಜಿ ಎಳೆಯುತ್ತಲೇ ಹೇಳಿದಳು:

"ಇಲ್ಲಮ್ಮ, ಕಲೀತಾ ಇದೀನಿ."